ಬಿಚ್ಚದೆ ಉಳಿದ ಕುರ್ಚಿ

ನನ್ನ ತಮ್ಮ ಬೆಳಗಿನಿಂದ ಸ್ಪ್ಯಾನರ್ ಹುಡುಕುತ್ತಿದ್ದ. ಅದು ನನ್ನ ಮಡಿಲಲ್ಲಿ, ಹೊಲಿಯುತ್ತಿದ್ದ ದಿಂಬಿನ ಚೀಲದ ಕೆಳಗಿತ್ತು.

ಅವನ ಕ್ಷೌರದಂಗಡಿಯ ಮೂಲೆಯಲ್ಲೇ ನನ್ನ ಹೊಲಿಗೆ ಯಂತ್ರ. ಇರುವುದೊಂದೇ ಕುರ್ಚಿ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು. ಅದನ್ನು ಕಿತ್ತು ಮಾರಿ ಅಂಗಡಿ ಮುಚ್ಚುತ್ತೇನೆಂದು ಹಟ ಹಿಡಿದಿದ್ದ. ಒಂದು ಬೋಲ್ಟು ಬಿಚ್ಚಿ ಟೀ ಕುಡಿಯಲು ಹೋದಾಗ ನಾನು ಸ್ಪ್ಯಾನರ್ ಎತ್ತಿಟ್ಟುಕೊಂಡೆ.

ಅವನ ಸಿಟ್ಟಿಗೆ ಕಾರಣವಿತ್ತು. ಬೀದಿಯಲ್ಲಿ ಹೊಸ ಜ್ವರ ಬಂದವರೆಲ್ಲ ಅದೇ ವಾರ ಅವನ ಕತ್ತರಿಗೆ ತಲೆ ಕೊಟ್ಟವರು. ಕೊನೆಗೆ ಅವನೂ ಮಲಗಿದ. ಎದ್ದು ಬರುವಷ್ಟರಲ್ಲಿ ರೋಗ ಹಂಚಿದ್ದು ಕ್ಷೌರಿಕನೇ ಎಂದು ಬೀದಿ ತೀರ್ಮಾನಿಸಿಬಿಟ್ಟಿತ್ತು. ಮಾತು ಎಬ್ಬಿಸಿದವನು ಎದುರಿನ ಬ್ರೆಡ್ಡಂಗಡಿಯವನು. ಆಮೇಲೆ ಯಾರೂ ಒಳಗೆ ಕಾಲಿಡಲಿಲ್ಲ. ಬೇರೆ ಕ್ಷೌರದಂಗಡಿ ದೂರ, ಜ್ವರದ ಭಯಕ್ಕೆ ಬಸ್ಸೂ ನಿಂತಿತ್ತು. ಕೂದಲು ಮಾತ್ರ ಯಾರ ಮಾತೂ ಕೇಳದೆ ಬೆಳೆಯಿತು. ಬ್ರೆಡ್ಡಂಗಡಿಯವನಿಗೆ ಕಿವಿ ಇದ್ದದ್ದೇ ಮರೆತುಹೋಗುವಂತಾಗಿತ್ತು.

"ಅಕ್ಕ, ಸ್ಪ್ಯಾನರ್ ನೋಡಿದ್ಯಾ?"

"ಡಾಕ್ಟರಮ್ಮ ಬಂದು ಹೋಗ್ಲಿ, ಹುಡುಕೋಣ."

"ಅವರು ಬಂದು ಏನ್ ಹೇಳ್ತಾರೆ? ವೈರಸ್ಸಿನ ಮೇಲೆ ವಿಳಾಸ ಬರ್ದಿರುತ್ತಾ?"

ಆರೋಗ್ಯ ಇಲಾಖೆಯ ಡಾಕ್ಟರಮ್ಮ ರೋಗಿಗಳೆಲ್ಲರ ಮೂಗಿನ ದ್ರವವನ್ನು ಲ್ಯಾಬಿಗೆ ಕಳಿಸಿದ್ದರು. ಆಗಲೇ ನನಗೆ ಬಿಡಿಸಿ ಹೇಳಿದ್ದರು: ವೈರಸ್ಸಿನೊಳಗೆ ಜೀನೋಮ್ ಎಂಬ ಉದ್ದನೆಯ ಬರಹವಿರುತ್ತದೆ, ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನವರಿಗೂ ದಾಟುತ್ತದೆ. ಓದು ನನಗೆ ಅಷ್ಟಕ್ಕಷ್ಟೆ, ಆದರೆ ಇದು ಥಟ್ಟನೆ ಹಿಡಿಯಿತು. ರವಿಕೆಯ ಅಳತೆಯ ಕಾಗದ ಕತ್ತರಿಸುವಾಗ ಅಮ್ಮನ ಕತ್ತರಿ ಒಮ್ಮೆ ಜಾರಿತ್ತು. ಆ ಕಾಗದವನ್ನಿಟ್ಟು ಕತ್ತರಿಸಿದ ಕಾಗದಗಳಲ್ಲೆಲ್ಲ ಕಂಕುಳ ಹತ್ತಿರ ಅದೇ ಡೊಂಕು. ನನ್ನ ಮಗಳ ಕಾಗದದಲ್ಲೂ ಇದೆ. ಅಂದಿನಿಂದ ಲ್ಯಾಬಿನ ಉತ್ತರಕ್ಕೆ, ಪರೀಕ್ಷೆ ಬರೆದ ಮಗುವಿನ ಹಾಗೆ ಕಾಯುತ್ತಿದ್ದೆ.

ಮಧ್ಯಾಹ್ನ ಡಾಕ್ಟರಮ್ಮ ಓಡುವ ಹಾಗೇ ಬಂದರು. ಬ್ರೆಡ್ಡಂಗಡಿಯವನೂ ಹಿಂದೆಯೇ ಬಂದು ಹೊಸ್ತಿಲಾಚೆ ನಿಂತ. ಲ್ಯಾಪ್‌ಟಾಪನ್ನು ನನ್ನ ಯಂತ್ರದ ಮೇಲೇ ತೆರೆದರು. ಅದರಲ್ಲೊಂದು ಮರದ ಚಿತ್ರ, ಕೊಂಬೆಯ ತುದಿಗಳಲ್ಲಿ ಚುಕ್ಕೆಗಳು.

"ಒಂದೊಂದು ಚುಕ್ಕೆ ಒಬ್ಬೊಬ್ಬ ರೋಗಿ, ಒಂದೇ ಥರದ ತಪ್ಪಿರೋರು ಒಂದೇ ಕೊಂಬೇಲಿ. ಈ ಗೊಂಚಲು ನಿಮ್ಮ ಬೀದಿಯೋರು. ಇದ್ರಲ್ಲೇ ಬೇರೆ ಊರಿನೋರೂ ಇದ್ದಾರೆ, ನೋಡಿ. ಅವರ್ಯಾರೂ ಈ ಅಂಗಡಿ ಮೆಟ್ಟಿಲು ಹತ್ತಿಲ್ಲ."

"ಮತ್ತೆ ಅವ್ರಿಗೆ ಹೆಂಗೆ ಬಂತು?" ಎಂದ ಬ್ರೆಡ್ಡಂಗಡಿಯವನು.

"ಎಲ್ರೂ ಒಂದೇ ಮದುವೇಲಿ ಊಟಕ್ಕೆ ಕೂತಿದ್ರು."

"ನನ್ ತಮ್ಮಂದು?" ಎಂದೆ. ಡಾಕ್ಟರಮ್ಮ ತಮ್ಮನತ್ತ ನೋಡಿದರು. ಹೇಳಿ ಎಂಬಂತೆ ಅವನು ತಲೆಯಾಡಿಸಿದ.

ಡಾಕ್ಟರಮ್ಮನ ಬೆರಳು ದೂರದ ಇನ್ನೊಂದು ಕೊಂಬೆಗೆ ಹೋಯಿತು. "ಇಲ್ಲಿದೆ. ಇದರ ತಪ್ಪುಗಳೇ ಬೇರೆ. ಇನ್ನೆಲ್ಲೋ ಹಿಡಿದಿದೆ. ಇವರಿಂದ ಅವರಿಗೆ ಹೋಗಿಲ್ಲ."

ನನ್ನ ಕಾಲು ತಾನಾಗಿ ಪೆಡಲ್ ತುಳಿಯಿತು. ಯಂತ್ರ ಗಡಗಡಿಸಿ ಲ್ಯಾಪ್‌ಟಾಪ್ ಕುಣಿಯಿತು. ಡಾಕ್ಟರಮ್ಮ ನಗುತ್ತಾ ಅದನ್ನು ಹಿಡಿದುಕೊಂಡರು.

ಆ ಮದುವೆ ಬ್ರೆಡ್ಡಂಗಡಿಯವನ ಮಗಳದೇ. ಬೀದಿಯವರೆಲ್ಲ ಕೂದಲು ಕತ್ತರಿಸಿಕೊಂಡಿದ್ದೇ ಅದಕ್ಕೆ. ಬಂದವರ ಕ್ಷೌರ ಮುಗಿಸುವಷ್ಟರಲ್ಲಿ ಹೊತ್ತಾಗಿ ತಮ್ಮ ಮಾತ್ರ ಹೋಗಿರಲಿಲ್ಲ.

"ಕುರ್ಚಿ... ಮಾರಿಬಿಟ್ಯೇನೋ?" ಎಂದ ಬ್ರೆಡ್ಡಂಗಡಿಯವನು.

"ಇಲ್ಲೇ ಇದೆಯಲ್ಲ. ಕೂದ್ಲು ಸರಿಸಿ ನೋಡು," ಎಂದ ತಮ್ಮ.

ಅವನು ಹೊಸ್ತಿಲು ದಾಟಿ ಬಂದು ಕೂತ. ಕುರ್ಚಿ ಬೋಲ್ಟು ಬಿಚ್ಚಿದ ಕಡೆಗೆ ವಾಲಿತು. ತಮ್ಮ, ಕನ್ನಡಿಯೊಳಗಿನ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಿಳಿ ಬಟ್ಟೆ ಕೊಡವಿ ಅವನ ಕುತ್ತಿಗೆಗೆ ಸುತ್ತಿದ.

"ಅಕ್ಕ," ಎಂದ, ನನ್ನ ಕಡೆ ತಿರುಗದೆ, "ಈಗಾದ್ರೂ ಆ ಸ್ಪ್ಯಾನರ್ ಕೊಡೇ."