ಉಸ್ತಾದರ ಎಂಜಿನ್ನಿನ ಎಡಮಗ್ಗುಲು

ಆವತ್ತು ಬೆಳಿಗ್ಗೆ ಹುಬ್ಬಳ್ಳಿಯ ಮೇಲೆ ಆಷಾಢದ ಗಾಳಿ ಎದ್ದಿತ್ತು. ಮಳೆಯ ಹನಿಯಿಲ್ಲ, ಬರೀ ಗಾಳಿ. ಮೌಲಾಸಾಬ ಉಸ್ತಾದರ ಹಿತ್ತಿಲಿನ ಶೆಡ್ಡಿನ ತಗಡುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಆ ಗದ್ದಲದ ನಡುವೆ ನಾನು ಹುಟ್ಟಿದೆ.

ನಾನು ಒಂದು ಉಕ್ಕಿನ ಪ್ಲೇಟು. ಉದ್ದ ಒಂದೂವರೆ ಮೊಳ, ಅಗಲ ಗೇಣಿಗೂ ಕಡಿಮೆ. ಒಂದು ಸಣ್ಣ ಉಗಿ ಎಂಜಿನ್ನಿನ ಚಾಸಿಯ, ಅಂದರೆ ಅಡಿಚೌಕಟ್ಟಿನ, ಎಡಮಗ್ಗುಲಾಗಲಿ ಎಂದು ನನ್ನನ್ನು ಕಡೆದರು. ಉಸ್ತಾದರು ಆಯುಷ್ಯವೆಲ್ಲ ರೈಲ್ವೆಯಲ್ಲಿ ಉಗಿ ಎಂಜಿನ್ನುಗಳ ಫಿಟ್ಟರ್ ಆಗಿದ್ದವರು. ಡೀಸೆಲ್ ಬಂದು ಆ ಕರಿಯ ಎಂಜಿನ್ನುಗಳೆಲ್ಲ ಮೂಲೆ ಸೇರಿದ ಮೇಲೆ ಅವರಿಗೆ ಒಂದೇ ಹಂಬಲ ಉಳಿದಿತ್ತು. ತಮ್ಮ ಕೈಯಾರೆ ಒಂದು ಚಿಕ್ಕ ಎಂಜಿನ್ನು ಮಾಡಬೇಕು. ಅದು ನಿಜವಾದ ಕಲ್ಲಿದ್ದಲು ತಿನ್ನಬೇಕು, ನಿಜವಾದ ನೀರು ಕುಡಿಯಬೇಕು, ಹಿಂದೆ ಒಬ್ಬ ದೊಡ್ಡ ಮನುಷ್ಯನನ್ನು ಕೂರಿಸಿಕೊಂಡು ಎಳೆಯಬೇಕು.

ನಾನು ಒಂಟಿಯಾಗಿ ಹುಟ್ಟಲಿಲ್ಲ. ಒಂದು ಹಳೆಯ ನೀರಿನ ಟಾಕಿಯನ್ನು ಕತ್ತರಿಸಿ ಉಸ್ತಾದರು ಎರಡು ಪ್ಲೇಟು ತೆಗೆದರು. ಒಂದರ ಬೆನ್ನಿಗೆ ಇನ್ನೊಂದನ್ನು ಕಟ್ಟಿ ಒಂದೇ ಡ್ರಿಲ್ಲಿನಿಂದ ಇಬ್ಬರಿಗೂ ಕೂಡಿಯೇ ತೂತು ಹಾಕಿದರು, ಅಚ್ಚು ಕೂರುವ ಗೂಡುಗಳನ್ನು ಒಂದೇ ಅರದಿಂದ ಉಜ್ಜಿದರು. ಚಾಸಿ ಮಾಡುವ ರೀತಿಯೇ ಅದು. ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸ ಬಂದರೂ ಅಚ್ಚು ಸೊಟ್ಟಗಾಗುತ್ತದೆ. ಹಾಗೆ ನಾನೂ ನನ್ನ ಬಲಮಗ್ಗುಲಿನವನೂ ಅವಳಿಗಳಾದೆವು.

ಸಂಜೆ ನಮ್ಮನ್ನು ಒಳಗೆ ಒಯ್ದು ಉಸ್ತಾದರು ಹೆಂಡತಿ ಹುಸೇನಬಿಯ ಮುಂದೆ ಹಿಡಿದರು.

“ಕೈಗೆ ಚುಚ್ಚತೈತೇನು ನೋಡು.”

ಆಕೆ ಕಣ್ಣು ಮುಚ್ಚಿ ಅಂಚಿನಗುಂಟ ಬೆರಳಾಡಿಸಿ, “ಇಲ್ರಿ. ರೊಟ್ಟಿ ಅಂಚಿನಂಗ ಐತಿ,” ಎಂದಳು. ಯಾವ ಕೆಲಸ ಮಾಡಿದರೂ ಹೆಂಡತಿಯ ಬೆರಳು ಒಪ್ಪದೆ ಉಸ್ತಾದರು ಅದನ್ನು ಮುಗಿಯಿತು ಅನ್ನುತ್ತಿರಲಿಲ್ಲ.

ಗಾಲಿ ಎರಕವಾಯಿತು. ಬಾಯ್ಲರಿಗೆ ತಾಮ್ರ ಬಂತು. ಅಷ್ಟರಲ್ಲಿ ಉಸ್ತಾದರ ಎದೆ ಕೈಕೊಟ್ಟಿತು. ಇಷ್ಟು ವರ್ಷ ಕುಡಿದ ಹೊಗೆಯ ಲೆಕ್ಕ ಮೇಲಿನವನ ಹತ್ತಿರ ಇತ್ತೆಂದು ಕಾಣುತ್ತದೆ. ಅವನು ಕರೆದ, ಇವರು ಹೋದರು.

ಉಸ್ತಾದರಿಗೆ ಇಬ್ಬರು ಶಿಷ್ಯರಿದ್ದರು. ಒಬ್ಬ ಪರಸಪ್ಪ: ಮಾತು ಒರಟು, ಕೈ ಚುರುಕು. ಇನ್ನೊಬ್ಬ ಯಲ್ಲೋಸಾ: ಮೆಲುಮಾತಿನವ, ಅಚ್ಚುಕಟ್ಟಿನವ. ಉಸ್ತಾದರು ಯಾರಿಗೆ ಹೆಚ್ಚು ಹತ್ತಿರ ಎಂಬುದೊಂದೇ ಅವರ ನಡುವಿನ ಜಗಳ. ಒಬ್ಬನ ಹೆಗಲ ಮೇಲೆ ಉಸ್ತಾದರು ಕೈಯಿಟ್ಟರೆ ಇನ್ನೊಬ್ಬನಿಗೆ ಆವತ್ತು ಊಟ ಸೇರುತ್ತಿರಲಿಲ್ಲ.

ಉಸ್ತಾದ ತೀರಿಕೊಂಡರೆ ಅವರ ಹತ್ಯಾರುಗಳನ್ನು ಶಿಷ್ಯರಿಗೆ ಹಂಚುವುದು ಅಲ್ಲಿನ ಪದ್ಧತಿ. ಹುಸೇನಬಿ ಇಬ್ಬರನ್ನೂ ಕರೆದು ಹಂಚತೊಡಗಿದಳು. ಇವನಿಗೊಂದು ಸುತ್ತಿಗೆ, ಅವನಿಗೊಂದು ಸುತ್ತಿಗೆ. ಇವನಿಗೊಂದು ಪಾನಾ, ಅವನಿಗೊಂದು ಪಾನಾ. ಬಾಯ್ಲರಿನ ತಾಮ್ರವೂ ಗಾಲಿಗಳೂ ಪರಸಪ್ಪನಿಗೆ, ಸಿಲಿಂಡರಿನ ಎರಕವೂ ಹಿತ್ತಾಳೆಯೂ ಯಲ್ಲೋಸಾನಿಗೆ. ಕೊನೆಗೆ ನಾವಿಬ್ಬರು ಉಳಿದೆವು. ಇಬ್ಬರು ಶಿಷ್ಯರೂ ಆಕೆಯ ಕೈಯನ್ನೇ ನೋಡುತ್ತಿದ್ದರು. ಜೋಡಿಯನ್ನು ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಈ ಹೊಸ್ತಿಲು ತುಳಿಯುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಬೋಲ್ಟು ಬಿಚ್ಚಿಸಿ ಒಂದೊಂದನ್ನು ಒಬ್ಬೊಬ್ಬರ ಕೈಗಿಟ್ಟಳು.

“ನನಗ ನೀವಿಬ್ಬರೂ ಒಂದ. ಸಮ ಆತಿಲ್ಲೋ?”

ಸಮವಾಯಿತು. ಒಂದು ಜೊತೆ ಚಪ್ಪಲಿಯನ್ನು ಇಬ್ಬರಿಗೆ ಹಂಚಿದಷ್ಟು ಸಮವಾಯಿತು. ಇದು ಬೇಡ ಎಂದು ಹೇಳಬೇಕಾಗಿದ್ದ ಇಬ್ಬರು ಫಿಟ್ಟರುಗಳೂ ಬಾಯಿ ಬಿಡಲಿಲ್ಲ. ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ಪೂರ್ತಿ ಸಿಗಲಿಲ್ಲವಲ್ಲ ಎಂಬ ತಂಪು ಇಬ್ಬರ ಮುಖದಲ್ಲೂ ಇತ್ತು.

ನಾನು ಪರಸಪ್ಪನ ಪಾಲಾದೆ. ಅವನ ಮನೆಯ ಪಡಸಾಲೆಯಲ್ಲಿ ಕೆಲಸದ ಮೇಜಿನ ಮೇಲೆ ಬಿದ್ದುಕೊಂಡೆ. ಅವನು ನನ್ನ ಮೇಲೆ ಮೊಳೆ ನೆಟ್ಟಗೆ ಮಾಡುತ್ತಿದ್ದ, ಬಿಸಿ ಚಹಾದ ಲೋಟ ಇಡುತ್ತಿದ್ದ, ಎಣ್ಣೆಗೈ ಒರೆಸುತ್ತಿದ್ದ. ಬಲಮಗ್ಗುಲಿನವನ ಸುದ್ದಿ ಮಾತ್ರ ಬಂದವರ ಬಾಯಲ್ಲಿ ಬರುತ್ತಿತ್ತು. ಯಲ್ಲೋಸಾ ಅವನನ್ನು ದೇವರ ಕೋಣೆಯಲ್ಲಿ ನಿಲ್ಲಿಸಿದ್ದಾನಂತೆ. ದಿನಾ ನೀರು ಚಿಮುಕಿಸಿ ಕುಂಕುಮ ಹಚ್ಚುತ್ತಾನಂತೆ. ದಸರೆಯಲ್ಲಿ ಹತ್ಯಾರುಗಳ ಖಂಡೆ ಪೂಜೆಯ ದಿನ ಚೆಂಡುಹೂವಿನ ಮಾಲೆಯಂತೆ.

ಉಕ್ಕಿಗೆ ಹೊಟ್ಟೆಯಿಲ್ಲ ಅನ್ನುತ್ತಾರೆ. ಹಾಗಾದರೆ ಆ ಮಾತು ಕೇಳಿದಾಗಲೆಲ್ಲ ನನ್ನೊಳಗೆ ಉರಿಯುತ್ತಿದ್ದದ್ದು ಏನು? ಒಂದೇ ಟಾಕಿ, ಒಂದೇ ಅರ, ಒಂದೇ ಕೈ. ಅವನಿಗೆ ಹೂವು, ನನಗೆ ಚಹಾದ ಕಲೆ. ಮೇಜಿನ ಕೆಳಗೆ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದ ಗಾಲಿಗಳನ್ನು ಕಂಡರೂ ನನಗೆ ಆಗುತ್ತಿರಲಿಲ್ಲ.

ಪರಸಪ್ಪನೂ ನನ್ನಂತೆಯೇ ಬೇಯುತ್ತಿದ್ದ. ಸಂತೆಯಲ್ಲಿ ಒಮ್ಮೆ ಇಬ್ಬರೂ ಎದುರಾದರಂತೆ. ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನೇ ಹೇಳಿದ.

“‘ಪೂಜಿ ಮಾಡಿದ್ರ ಗಾಲಿ ತಿರಗ್ತಾವೇನಲೇ ಯಲ್ಲೂ’ ಅಂದೆ.”

“ಅವಾ ಏನಂದಾ?”

“‘ಅದರ ಮ್ಯಾಲೆ ಚಾ ಇಟ್ರ ತಿರಗ್ತಾವೇನು’ ಅಂದ. ಹಲ್ಲು ಕಿಸಿಲಿಲ್ಲ ಏನಿಲ್ಲ, ಭಾಳ ಮರ್ಯಾದಿಲೇ ಅಂದ. ಅದಕ್ಕ ಸಿಟ್ಟು ಬಂತು.”

ಆವತ್ತಿನಿಂದ ಲೋಟವನ್ನು ನನ್ನ ಮೇಲಿಡುವುದು ನಿಂತಿತು. ಬೇರೆ ಬದಲಾವಣೆಯೇನೂ ಆಗಲಿಲ್ಲ.

ವರ್ಷಗಳು ಉರುಳಿ ಪರಸಪ್ಪ ರೈಲ್ವೆ ಕೆಲಸದಿಂದ ನಿವೃತ್ತನಾದ. ಹುಸೇನಬಿಯ ಕಣ್ಣು ಪೂರ್ತಿ ಮಂಜಾದವು. ಒಂದು ದಿನ ಅವಳನ್ನು ಮಾತಾಡಿಸಿಕೊಂಡು ಬಂದವನು ಮೇಜಿನ ಮೇಲಿಂದ ನನ್ನನ್ನು ಕೈಗೆತ್ತಿಕೊಂಡ. “ಚಾಚಿ ಇರೂದ್ರೊಳಗ ಉಸ್ತಾದ್ರ ಎಂಜಿನ್ ಆಗಬೇಕು. ಆಕಿ ಅದರ ಸೀಟಿ ಕೇಳಬೇಕು,” ಎಂದು ಹೆಂಡತಿಗೆ ಹೇಳಿದ. ಉಸ್ತಾದರ ಹಿತ್ತಿಲಿನ ಶೆಡ್ಡಿನಲ್ಲಿಯೇ ಕೆಲಸ ಹೂಡಿದ. ಬಾಯ್ಲರು ಮಡಿಚಿದ, ಗಾಲಿ ತಿರುವಿದ, ಸಿಲಿಂಡರನ್ನು ಹೊಸದಾಗಿ ಎರಕ ಹೊಯ್ಸಿದ, ಕೊಂಡುತಂದ ಹಿತ್ತಾಳೆಯಲ್ಲಿ ಬಾಯ್ಲರಿನ ನೆತ್ತಿಯ ಗುಮ್ಮಟವೊಂದನ್ನು ಬಡಿದು ಹೊಳಪು ಕೊಟ್ಟ. ಬಂದವರೆಲ್ಲ ಆ ಗುಮ್ಮಟದಲ್ಲಿ ಮುಖ ನೋಡಿಕೊಳ್ಳುವವರೇ. ನನ್ನನ್ನು ಕೇಳುವವರಿಲ್ಲ. ಅದರ ಮೇಲೂ ನನಗೊಂದು ಹೊಟ್ಟೆಕಿಚ್ಚು.

ಆದರೆ ಚಾಸಿಯಿಲ್ಲದೆ ಎಂಜಿನ್ನು ನಿಲ್ಲುವುದೆಲ್ಲಿ? ಅವನು ಗುಜರಿ ಅಂಗಡಿಗಳನ್ನು ಸುತ್ತತೊಡಗಿದ. ನನ್ನನ್ನು ಅಳತೆಗೆಂದು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ.

“ಚಾಸಿ ಬೇಕಂದ್ರ ಲಾರೀದು ಐತಿ ನೋಡಣ್ಣ,” ಎಂದ ಗುಜರಿಯವನು.

“ನಂದು ಸಣ್ಣದು.”

“ಹಂಗಾರ ಹೊಲಿಗಿ ಮಷೀನಿಂದು ತಗೋ.”

“ಚ್ಯಾಷ್ಟಿ ಬ್ಯಾಡ. ಇದರಷ್ಟ ದಪ್ಪಂದು ಒಂದು ತುಂಡು ಬೇಕು.”

ಗುಜರಿಯವನು ನನ್ನನ್ನು ತಿರುಗಿಸಿ ನೋಡಿ, “ಇದರ ಜೋಡಿ ಯಲ್ಲೋಸಾನ ಮನ್ಯಾಗ ಐತೆಲ್ಲೋ. ಕೇಳಿದ್ರ ಕೊಡೂದಿಲ್ಲೇನು?” ಎಂದ.

“ಕೊಟ್ರೂ ಕೊಟ್ಟಾನು. ಅದಕ್ಕ ಕೇಳೂದಿಲ್ಲ,” ಎಂದ ಪರಸಪ್ಪ.

ಹುಡುಕಿ ಹುಡುಕಿ ಅವನಿಗೆ ಸಿಕ್ಕಿದ್ದು ಕಬ್ಬಿನಹಾಲಿನ ಗಾಣದ ಬದಿಯ ಪ್ಲೇಟು. ಅದನ್ನು ನನ್ನ ಬೆನ್ನಿಗೆ ಬಿಗಿದು, ನನ್ನ ತೂತುಗಳ ಮೂಲಕವೇ ಡ್ರಿಲ್ಲು ಇಳಿಸಿದ. ಬಿಸಿಯಾದಾಗ ಅದರ ಮೈಯಿಂದ ಹಳಸಿದ ಕಬ್ಬಿನ ವಾಸನೆ ಬಂತು. ನನ್ನ ಅವಳಿಯ ಜಾಗದಲ್ಲಿ ಇದು ನಿಲ್ಲಬೇಕೆ ಎಂದು ಕುದಿದೆ. ಆಮೇಲೆ ನಗುವೂ ಬಂತು: ಇಷ್ಟು ವರ್ಷ ಅವಳಿಯನ್ನು ಶಪಿಸಿದವನು ಈಗ ಅವನಿಗಾಗಿ ಜಗಳ ಕಾಯುತ್ತಿದ್ದೆ.

ಕೆಲಸ ಚೊಕ್ಕವಾಗಿಯೇ ಬಂತು. ಅಚ್ಚು ಕೂತವು, ಗಾಲಿ ತಿರುಗಿದವು. ಪರಸಪ್ಪ ಹುಸೇನಬಿಯ ಕೈ ಹಿಡಿದು ಶೆಡ್ಡಿಗೆ ಕರೆತಂದ.

“ಮುಟ್ಟಿ ನೋಡು ಚಾಚಿ. ಉಸ್ತಾದ್ರ ಎಂಜಿನ್.”

ಆಕೆ ಗುಮ್ಮಟವನ್ನು ಮುಟ್ಟಲಿಲ್ಲ, ಬಾಯ್ಲರನ್ನೂ ಮುಟ್ಟಲಿಲ್ಲ. ಬಗ್ಗಿ ಕೆಳಗೆ ಕೈ ಹಾಕಿ ನನ್ನ ಅಂಚಿನಗುಂಟ ಬೆರಳೆಳೆದಳು. ಮುಖ ಅರಳಿತು. ಆಮೇಲೆ ಆಚೆ ಬದಿಯ ಅಂಚಿಗೆ ಬೆರಳು ಹೋಯಿತು. ಅಲ್ಲಿ ನಿಂತಿತು.

“ಈ ಕಡೆ ಅವರು ಅದಾರ, ಬೇಟಾ,” ಎಂದಳು ಮೆಲ್ಲಗೆ. “ಆ ಕಡೆ ಇಲ್ಲ.”

“ಇಲ್ಲ ಚಾಚಿ. ಆ ಕಡೆ ನಾ ಅದೇನಿ.”

“ಹೌದಪಾ. ಛಲೋ ಮಾಡೀದಿ,” ಎಂದು ಅವನ ತೋಳು ಸವರಿ ಒಳಗೆ ಹೋದಳು. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪರಸಪ್ಪ ಎಂಜಿನ್ನು ಬಿಚ್ಚಿದ. ನನ್ನನ್ನು ತನ್ನ ಟವೆಲಿನಲ್ಲಿ ಸುತ್ತಿ ಯಲ್ಲೋಸಾನ ಮನೆಗೆ ಹೊರಟ. ಬಲಮಗ್ಗುಲಿನವನನ್ನು ಬೇಡಿ ತರಲು ಹೊರಟಿದ್ದಾನೆ ಎಂದುಕೊಂಡೆ. ನಾನು ಎಣಿಸಿದ್ದೇ ಬೇರೆ, ಆದದ್ದೇ ಬೇರೆ.

“ಏನ್ ಪರಸಣ್ಣಾ, ದಾರಿ ತಪ್ಪಿ ಬಂದ್ಯೇನು?” ಎಂದ ಯಲ್ಲೋಸಾ, ಬಾಗಿಲಲ್ಲೇ ನಿಂತು.

ಪರಸಪ್ಪ ನನ್ನನ್ನು ಅವನ ಕೈಗಿಟ್ಟ. “ಇಟ್ಕೋ. ಇದರ ಜೋಡಿ ನಿನ್ನ ಕಡೆ ಐತಿ. ಒಂದು ಕಡಿಗ್ಯಾರ ಎರಡೂ ಇರ್ಲಿ.”

“ನಿನ್ನ ಎಂಜಿನ್ನೋ?”

“ನಂದಲ್ಲ ಅದು.”

“ಕುಂದ್ರು, ಚಾ ಕುಡಿ.”

“ಒಲ್ಲೆ,” ಎಂದು ಸೈಕಲ್ಲು ಹತ್ತಿದ. ಹಿಂತಿರುಗಿ ನೋಡಲಿಲ್ಲ. ಅಷ್ಟು ವರ್ಷ ಅವನ ಮೇಜಿನ ಮೇಲಿದ್ದರೂ ಅವನು ಎಷ್ಟು ದೊಡ್ಡವನೆಂದು ಕಂಡದ್ದು ಅವನ ಬೆನ್ನು ನೋಡಿದಾಗ.

ಯಲ್ಲೋಸಾ ನನ್ನನ್ನು ದೇವರ ಕೋಣೆಗೆ ಒಯ್ದ. ದೀಪದ ಪಕ್ಕದಲ್ಲಿ ನನ್ನ ಅವಳಿ ನಿಂತಿದ್ದ. ಮಾಲೆಯಿತ್ತು, ಕುಂಕುಮವಿತ್ತು. ನಾನು ಇಷ್ಟು ಕಾಲ ಉರಿದದ್ದು ಇದಕ್ಕಾಗಿಯೇ. ಯಲ್ಲೋಸಾ ಅವನ ಮೈಮೇಲಿನ ಕುಂಕುಮ ಒರೆಸಿದ. ಅದರ ಕೆಳಗೆ ಮೈತುಂಬ ತುಕ್ಕು. ದಿನದಿನದ ನೀರು, ಅರಿಸಿನ, ಕುಂಕುಮಗಳು ಅವನನ್ನು ಮೆಲ್ಲಗೆ ತಿಂದಿದ್ದವು. ಪರಸಪ್ಪನ ಎಣ್ಣೆಗೈ ಬಿದ್ದು ಬಿದ್ದು ಕರ್ರಗಾಗಿದ್ದ ನನ್ನ ಮೈಗೆ ತುಕ್ಕಿನ ಚುಕ್ಕೆಯೂ ಇರಲಿಲ್ಲ.

ಯಲ್ಲೋಸಾ ನಮ್ಮಿಬ್ಬರನ್ನೂ ಅಕ್ಕಪಕ್ಕ ಇಟ್ಟು ತುಕ್ಕಿನ ಮೇಲೆ ಬೆರಳಾಡಿಸಿದ. ಅವನ ಭಕ್ತಿ ಸುಳ್ಳಾಗಿರಲಿಲ್ಲ. ಅದಕ್ಕೇ ಅವನ ಕಣ್ಣು ಒದ್ದೆಯಾದದ್ದು.

“ನಿನ್ನ ಮೈಯಲ್ಲಿ ಕೆಲಸದ ವಾಸನೆ ಇದೆ,” ಎಂದ ನನ್ನ ಅವಳಿ, ನನಗೆ ಮಾತ್ರ ಕೇಳುವ ಹಾಗೆ. “ಸುತ್ತಿಗೆಯ ಸದ್ದು ಕೇಳಿಕೊಂಡು ಬದುಕಿದೆಯಂತಲ್ಲ. ಇಲ್ಲಿ ನಿಂತು ನಿಂತು ನಿನ್ನ ಮೇಲೆ ನನಗೆಷ್ಟು ಹೊಟ್ಟೆಕಿಚ್ಚು ಗೊತ್ತೇ?”

ನಮ್ಮ ಪಾಲಿಗೆ ಬಂದದ್ದರಲ್ಲಿ ನಾವು ನೋಡಿದ್ದು ಇನ್ನೊಬ್ಬನ ಪಾಲನ್ನು ಮಾತ್ರ. ದೇವರು ಕೊಡುವಾಗ ಕೈ ತಪ್ಪಿಸಿರಲಿಲ್ಲ. ಪಡೆದವರು ಕಣ್ಣು ತಪ್ಪಿಸಿದ್ದೆವು.

ಯಲ್ಲೋಸಾ ಸೀಮೆಎಣ್ಣೆ ಹಾಕಿ ಅವಳಿಯ ತುಕ್ಕು ತಿಕ್ಕಿದ. ತಿಕ್ಕಿದಷ್ಟೂ ಕಲೆ ಉಳಿದವು, ಆದರೆ ಅಂಚು ಉಳಿದಿತ್ತು, ಅಚ್ಚಿನ ಗೂಡುಗಳು ಉಳಿದಿದ್ದವು. ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿ, ನಡುವೆ ಅಡ್ಡಪಟ್ಟಿ ಕೊಟ್ಟು ಬೋಲ್ಟು ಬಿಗಿದ. ಒಂದು ಸರಳನ್ನು ನನ್ನ ತೂತಿನಲ್ಲಿ ಇಳಿಬಿಟ್ಟ. ಅದು ಬೆಣ್ಣೆಯೊಳಗಿನ ಕೂದಲಿನಂತೆ ಸಲೀಸಾಗಿ ಹಾದು ನನ್ನ ಅವಳಿಯ ತೂತಿನಿಂದ ಆಚೆ ಬಂತು.

ಮರುದಿನ ಬೆಳಕು ಹರಿದ ಮೇಲೆ ಅವನು ನಮ್ಮನ್ನು ಎದೆಗೆ ಅವಚಿಕೊಂಡು ಹುಸೇನಬಿಯ ಮನೆಗೆ ನಡೆದ. ಆಕೆ ಕಟ್ಟೆಯ ಮೇಲೆ ಕೂತಿದ್ದಳು. ಪರಸಪ್ಪ ಶೆಡ್ಡಿನಲ್ಲಿ ಬಾಯ್ಲರಿಗೆ ಗೋಣಿ ಹೊದಿಸುತ್ತಿದ್ದ. ಇನ್ನು ಈ ಕೆಲಸ ಮುಗಿಯಿತು ಎನ್ನುವವನ ಹಾಗೆ.

“ಯಾರು?” ಎಂದಳು ಹುಸೇನಬಿ.

“ನಾನು ಚಾಚಿ. ಯಲ್ಲೂ.”

“ಏನ್ ತಂದಿ?”

“ನೀನು ಕೊಟ್ಟಿದ್ದು.”

ಆಕೆ ಕೈ ಚಾಚಿದಳು. ಅವನು ನಮ್ಮನ್ನು ಆಕೆಯ ಮಡಿಲಲ್ಲಿಟ್ಟ. ಆಕೆಯ ಬೆರಳು ನನ್ನ ಅಂಚಿನಿಂದ ನನ್ನ ಅವಳಿಯ ಅಂಚಿಗೆ ದಾಟಿತು. ಆಮೇಲೆ ಶೆಡ್ಡಿನ ಕಡೆ ಮುಖ ತಿರುಗಿಸಿ, “ನನ್ನ ಕಡೆ ಯಾಕ?” ಎಂದಳು.

ಯಲ್ಲೋಸಾ ನಮ್ಮನ್ನು ಎತ್ತಿಕೊಂಡು ಶೆಡ್ಡಿನೊಳಗೆ ಹೋದ. ಪರಸಪ್ಪ ಗೋಣಿ ಕೈಯಲ್ಲಿ ಹಿಡಿದೇ ನಿಂತ. ಯಲ್ಲೋಸಾ ಅವನ ಕೈಯಿಂದ ಗೋಣಿ ತೆಗೆದುಕೊಂಡು, ಖಾಲಿಯಾದ ಆ ಎರಡು ಕೈಗಳ ಮೇಲೆ ನಮ್ಮನ್ನು ಇಟ್ಟ.