ಕದಂ ಆಬಾರ ಪಂಢರಪುರ

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿಯೇ ಹೋಗಬೇಕು ನೀವು. ಸಾತಾರಾ ಕಡೆಯ ನಮ್ಮೂರಲ್ಲಿ ಮನೆಗೊಬ್ಬ ಸೈನಿಕ. ನಿವೃತ್ತನಾಗಿ ಬಂದವನಿಗೆ ರುಮಾಲು ಸುತ್ತಿ, ತೆರೆದ ಜೀಪಿನಲ್ಲಿ ಕೂರಿಸಿ, ಢೋಲು ಪಟಾಕಿಗಳೊಂದಿಗೆ ಮಾರುತಿ ಗುಡಿಯವರೆಗೆ ಮೆರೆಸುತ್ತೇವೆ. ಆವತ್ತು ಹವಾಲ್ದಾರ್ ಸಂಪತ್ ಪಿಸಾಳನ ಸರದಿ. ಪಟಾಕಿಯ ಉಸ್ತುವಾರಿ ನನ್ನದು.

ಮೊದಲ ಸರ ಸಿಡಿದದ್ದೇ ತಡ, ಸಂಪತ್ ಜೀಪಿನಿಂದ ಹಾರಿದ. ಆರತಿ ಹಿಡಿದು ನಿಂತಿದ್ದ ತಾಯಿಯನ್ನು ನೆಲಕ್ಕೆ ಕೆಡವಿ ಮೇಲೆ ಕವುಚಿ ಬಿದ್ದ. ಸದ್ದು ನಿಂತರೂ ಏಳಲಿಲ್ಲ; ಮೈಯೆಲ್ಲ ನಡುಗುತ್ತಿತ್ತು.

ಜನ ನಕ್ಕರು. "ಏನ್ ದಾಜಿ, ಪಟಾಕಿಗೇ ಹಿಂಗಾದ್ರೆ ಗಡೀಲಿ ಏನ್ ಮಾಡ್ತಿದ್ರಿ, ರೊಟ್ಟಿ ಬೇಯಿಸ್ತಿದ್ರಾ?" ಎಂದು ಭಾವನನ್ನು ಕೆಣಕಿದ ಅವನ ಹೆಂಡತಿಯ ತಮ್ಮ.

"ಆಯಿ, ನಾನು ಈ ಊರಲ್ಲಿರಲ್ಲ. ಇವತ್ತೇ ಹೊರಟೆ," ಎಂದ ಸಂಪತ್ ತಾಯಿಗೆ, ತಲೆ ಎತ್ತದೆ.

ಆಗ ಬಂದರು ಕದಂ ಆಬಾ, ಊರಿಗೆಲ್ಲ ಅಜ್ಜ. ಎಪ್ಪತ್ತೆಂಟು ವರ್ಷದ ನಿವೃತ್ತ ಸುಬೇದಾರರು, ಶೌರ್ಯಪದಕ ಪಡೆದವರು. ಅವರು ಬೀದಿಗಿಳಿದರೆ ನಾವು ಬೀಡಿ ಎಸೆಯುತ್ತೇವೆ. ಮೊಣಕಾಲು ನೋವೆಂದು ಗುಡಿಯಲ್ಲೂ ಕುರ್ಚಿ ಕೇಳುವವರು ಆ ಧೂಳಿನಲ್ಲಿ ಸಂಪತ್ ಪಕ್ಕ ಕೂತರು.

"ಪ್ರತಿ ದೀಪಾವಳಿಗೂ ನಾನೆಲ್ಲಿಗೆ ಹೋಗ್ತೀನ್ರೋ?"

"ಪಂಢರಪುರಕ್ಕೆ, ಆಬಾ," ಎಂದೆವು ನಾವು.

"ಸುಳ್ಳು. ಕಬ್ಬಿನ ಗದ್ದೆ ಪಂಪ್‌ಮನೇಲಿ ಕಿವಿಗೆ ಹತ್ತಿ ತುರುಕ್ಕೊಂಡು ಕೂತಿರ್ತೀನಿ. ನಲವತ್ತು ವರ್ಷ ಆಯ್ತು. ನೀವು ಕಣ್ಣಿಗೊತ್ಕೊಂಡು ತಿಂದ ಪ್ರಸಾದ ಪೇಟೆ ಮಂಡಕ್ಕಿ ಕಣ್ರೋ."

ಆಬಾ ಸಂಪತ್‌ನ ಬೆನ್ನ ಮೇಲೆ ಕೈಯಿಟ್ಟರು.

"ಇದೂ ಗಾಯಾನೇ. ಕಾಲಿಗೆ ಗುಂಡು ಬಿದ್ದಿದ್ರೆ ನಗ್ತಿದ್ರಾ? ಹಂಗೆ ನಡುಗ್ತಾನೂ ತಾಯಿಗೆ ಅಡ್ಡ ಬಿದ್ದಿದಾನೆ, ನೋಡ್ರಿ. ಸಂಪತ್, ನಾಳೆ ಪುಣೆಗೆ ಹೋಗೋಣ, ಸೈನ್ಯದ ಆಸ್ಪತ್ರೇಲಿ ಮನಸ್ಸಿನ ಡಾಕ್ಟ್ರಿದಾರೆ. ಅವರ ಹತ್ರ ಎರಡು ಚೀಟಿ ಮಾಡ್ಸು, ಒಂದು ನನಗೆ."

ಸಂಪತ್ ಮೊದಲು ತಾಯಿಯನ್ನು ಎಬ್ಬಿಸಿದ, ಆಮೇಲೆ ಆಬಾರನ್ನು. ಮೂವರೂ ನಡೆದೇ ಗುಡಿಗೆ ಹೊರಟರು. ರೊಟ್ಟಿಯ ಮಾತಾಡಿದವನು ದಾಜಿಯ ರುಮಾಲಿನ ಧೂಳು ಕೊಡವುತ್ತ ಹಿಂದೆ ಹೋದ. ಆಬಾರಿಗೆ ಆ ಪದಕ ಯಾಕೆ ಕೊಟ್ಟರೆಂದು ನನಗೆ ತಿಳಿದದ್ದು ಆವತ್ತೇ.

ಉಳಿದ ಸರಗಳನ್ನು ಬಕೆಟ್ ನೀರಿಗೆ ಹಾಕಿಬಿಟ್ಟೆ. ಆಬಾ, ಸಂಪತ್ ಇಬ್ಬರೂ ಈಗ ತಿಂಗಳಿಗೊಮ್ಮೆ ಒಂದೇ ಬಸ್ಸಿನಲ್ಲಿ ಪುಣೆಗೆ ಹೋಗಿಬರುತ್ತಾರೆ.

ಆದರೆ ಮೊನ್ನೆ ಇನ್ನೊಬ್ಬ ಸೈನಿಕನ ತಾಯಿ ಸೋನಾಬಾಯಿ ನಮ್ಮ ಮನೆಗೇ ಬಂದರು. "ಮುಂದಿನ ತಿಂಗಳು ನನ್ನ ಮಗ ರಿಟೈರ್ ಆಗಿ ಬರ್ತಾನೆ. ಹದಿನೇಳು ವರ್ಷ ಈ ದಿನಕ್ಕೆ ಕಾದಿದೀನಪ್ಪಾ. ಪಟಾಕಿ ಇಲ್ದೆ ಕರ್ಕೊಂಡ್ ಬಂದ್ರೆ ಅವನಿಗೂ ತಲೆ ಕೆಟ್ಟಿದೆ ಅಂತಾರೆ ಜನ. ಹಚ್ತೀಯೋ ಇಲ್ವೋ?"

ನೀವಾಗಿದ್ದರೆ ಆ ತಾಯಿಗೆ ಏನು ಹೇಳುತ್ತಿದ್ದಿರಿ?