ಬಾಲದ ಕಡೆಯ ಕುರ್ಚಿ

ನಮ್ಮ ಹಜಾರದಲ್ಲಿ ಎರಡು ಕುರ್ಚಿಗಳ ನಡುವೆ ಮೀನಿನ ತೊಟ್ಟಿ ಇದೆ. ಒಂದು ಕುರ್ಚಿ ಅತ್ತೆಯದು, ಎದುರಿನದು ಮಾವನದು. ತೊಟ್ಟಿ ಬಂದ ಮೇಲೂ ಅವರ ಜಗಳ ನಿಂತಿಲ್ಲ. ನೀರಿನ ಮೇಲಿಂದ ಹಾದುಹೋಗುತ್ತದೆ, ಅಷ್ಟೇ.

ಅತ್ತೆ ಬಂದು ಕೂತಾಗಲೆಲ್ಲ ಏಳು ಮೀನುಗಳೂ ಮೇಲೆಯೇ ಇದ್ದು ಬಾಯಿ ಆಡಿಸುತ್ತಿದ್ದವು.

"ನೋಡೇ, ನನ್ನ ಮಾತಾಡ್ಸೋಕೆ ಬರ್ತಾವೆ. ಈ ಮನೇಲಿ ಇನ್ಯಾರು ಬರ್ತಾರೆ?" ಎಂದು ಅತ್ತೆ ನನ್ನ ಮುಖ ನೋಡಿಯೇ ಕೇಳುತ್ತಿದ್ದರು. ಸೊಸೆಯಾದವಳು ಇಂಥವನ್ನೆಲ್ಲ ಕೇಳಿಸಿಕೊಳ್ಳುತ್ತಾ ಕೂರಬಾರದು.

ಮಾವ ನಲವತ್ತು ವರ್ಷ ಪಂಪ್ ಮೆಕ್ಯಾನಿಕ್ ಆಗಿದ್ದವರು. ಒಂದು ಬೆಳಿಗ್ಗೆ ತೊಟ್ಟಿಯೊಳಗೆ ಬಗ್ಗಿ ನೋಡಿ ಹೇಳಿದರು: "ಮಾತೂ ಇಲ್ಲ, ಗೀತೂ ಇಲ್ಲ ಕಣೇ. ನೀರು ಅಲ್ಲಾಡ್ತಿಲ್ಲ, ಅವಕ್ಕೆ ಉಸಿರು ಕಟ್ತಿದೆ. ಹೀಗೇ ಬಿಟ್ರೆ ವಾರದೊಳಗೆ ಎಲ್ಲಾ ಮಗುಚ್ಕೊಳ್ತವೆ."

"ನಿಮ್ಮ ಪಕ್ಕ ಇದ್ದೋರಿಗೆ ಉಸಿರು ಕಟ್ಟೋದು ನಂಗೇನು ಹೊಸದಾ?"

ಹತ್ತು ಮಹಡಿಗೆ ನೀರು ಹತ್ತಿಸಿದವರಿಗೆ ಸಣ್ಣದಾಗಿ ಕೆಲಸ ಮಾಡಿ ಗೊತ್ತಿಲ್ಲ. ಮೂಲೆಯಲ್ಲಿದ್ದ ಹಳೇ ಕೂಲರಿನ ಪಂಪು ತಂದು ಇಳಿಸಿದರು. ಸ್ವಿಚ್ ಒತ್ತಿದ್ದೇ ತಡ, ಮೀನುಗಳು ವಾಷಿಂಗ್ ಮೆಷಿನ್ನಿಗೆ ಬಿದ್ದ ಕಾಲುಚೀಲಗಳಂತೆ ಗಿರಗಿರ ತಿರುಗಿದವು. ಅತ್ತೆಯ ಮಡಿಲೆಲ್ಲ ಒದ್ದೆ.

"ಸ್ನಾನ ನಂಗೆ ಮಾಡಿಸ್ತಿದೀರೋ, ಮೀನಿಗೋ?"

ಮರುದಿನ ಹೆಬ್ಬೆರಳಿನಷ್ಟು ದಪ್ಪದ ಪಂಪು ಬಂತು. ಅದರ ಬಾಯಿ ನೀರಿನ ಮಟ್ಟಕ್ಕಿಂತ ಚೂರೇ ಕೆಳಗಿರುವಂತೆ ಮಾವ ಕೂರಿಸಿದರು. ನೀರಿನ ಮೇಲ್ಭಾಗ ಸಣ್ಣಗೆ ನಡುಗತೊಡಗಿತು. ಅರ್ಧ ಗಂಟೆಯಲ್ಲಿ ಮೀನುಗಳೆಲ್ಲ ಕೆಳಗಿಳಿದು ತಮ್ಮ ಪಾಡಿಗೆ ಅಡ್ಡಾಡಿದವು. ಅತ್ತೆ ಕೂತರು, ಕೆಮ್ಮಿದರು, ಗಾಜು ತಟ್ಟಿದರು. ಒಂದೂ ಮೇಲೆ ಬರಲಿಲ್ಲ.

ಅಂದಿನಿಂದ ಮಾವ ಹೊರಗೆ ಹೋದಾಗಲೆಲ್ಲ ಪಂಪು ತಾನಾಗಿಯೇ ನಿಲ್ಲುವ ಅಭ್ಯಾಸ ಮಾಡಿಕೊಂಡಿತು. ಮೂರನೇ ದಿನ ಅವರು ವಾಪಸ್ಸು ಬರುವಷ್ಟರಲ್ಲಿ ಕಪ್ಪು ಮೀನು ಪಕ್ಕಕ್ಕೆ ವಾಲಿತ್ತು. ಮಾವ ಚಪ್ಪಲಿಯನ್ನೂ ಬಿಡದೆ ಓಡಿ ಸ್ವಿಚ್ ಹಾಕಿದರು. ಇನ್ನು ಶುರುವಾಗುತ್ತದೆ ಎಂದು ನಾನು ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದೆ.

"ನಾನೇ ಆರಿಸಿದ್ದು," ಎಂದರು ಅತ್ತೆ. ದನಿ ಸಣ್ಣಗಿತ್ತು. "ಸಾಯಲಿ ಅಂತಲ್ಲ. ಇದ್ದಿದ್ದು ಒಂದು ಖುಷಿ, ಅದನ್ನೂ ರಿಪೇರಿ ಮಾಡಿಬಿಟ್ರಿ."

ಮಾವ ಕಪ್ಪು ಮೀನು ನೆಟ್ಟಗಾಗುವ ತನಕ ಕಾದರು. ಆಮೇಲೆ ಅಂಗಿಯ ತೋಳು ಮಡಚಿ, ಪಂಪನ್ನು ಕಿತ್ತು ಅತ್ತೆಯ ಕಡೆಯ ಗಾಜಿಗೆ ಅಂಟಿಸಿ, ನೀರು ತಮ್ಮ ಕುರ್ಚಿಯ ಕಡೆಗೆ ಹರಿಯುವಂತೆ ತಿರುಗಿಸಿದರು. ಮೀನಿನ ಜಾತಿಯೇ ಹರಿವಿಗೆ ಎದುರು ನಿಲ್ಲುವುದು. ಒಂದೊಂದಾಗಿ ಏಳೂ ತಿರುಗಿ ಅತ್ತೆಗೆ ಮುಖ ಕೊಟ್ಟು ನಿಂತವು.

"ಅಯ್ಯೋ, ಬಂದ್ರೇನ್ರೋ ನನ್ನ ಬಂಗಾರಗಳಾ!"

ಈಗ ಆ ಸ್ವಿಚ್ಚಿನ ಹತ್ತಿರ ಯಾರೂ ಸುಳಿಯುವಂತಿಲ್ಲ, ಅತ್ತೆಯೇ ಕಾವಲು. ಮಾವ ಎದುರು ಕೂತು ಏಳು ಬಾಲ ನೋಡುತ್ತಾರೆ.

"ನೋಡಿದ್ರಾ, ನಿಮ್ಮ ಮುಖ ಅಂದ್ರೆ ಅವಕ್ಕೂ ಆಗಲ್ಲ," ಎನ್ನುತ್ತಾರೆ ಅತ್ತೆ.

"ಹೂಂ ಕಣೇ, ಆಗಲ್ಲ," ಎಂದು ಮಾವ ಪೇಪರಿನ ಪುಟ ತಿರುಗಿಸುತ್ತಾರೆ.